ಹತ್ತು ಲೀಟರ್ ತಣ್ಣೀರು

ಲೆಕ್ಕ ತಪಾಸಣೆ ಕಚೇರಿಯ ಮೂರನೆಯ ಮಹಡಿಯಲ್ಲಿ, ಕಡತಗಳ ಕೋಣೆಗೂ ಕೈ ತೊಳೆಯುವ ಜಾಗಕ್ಕೂ ನಡುವೆ, ಒಂಟಿ ಕಿಟಕಿಯ ಒಂದು ಅಡುಗೆಕೋಣೆಯಿತ್ತು. ಅಲ್ಲಿ ಇಪ್ಪತ್ತಾರು ವರ್ಷದಿಂದ ಚಹಾ ಕಾಯಿಸುತ್ತಿದ್ದ ಹೆಂಗಸನ್ನು ಎಲ್ಲರೂ ಚಹಾದಕ್ಕ ಎಂದೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಅವಳಿಗೆ ಬೇರೊಂದು ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಅವಳ ಅಪ್ಪ ರೈಲು ನಿಲ್ದಾಣದಲ್ಲಿ ಚಹಾ ಮಾರುತ್ತಿದ್ದ. ರೈಲು ಅಲ್ಲಿ ನಿಲ್ಲುತ್ತಿದ್ದುದು ನಾಲ್ಕೇ ನಿಮಿಷ. ಅಷ್ಟರೊಳಗೆ ನೀರು ಕುದಿಯದಿದ್ದರೆ ಗಿರಾಕಿಗಳೆಲ್ಲ ಮುಂದಿನ ಊರಿನ ಪಾಲು. ಹಾಗಾಗಿ ಓದು ಬರಹಕ್ಕಿಂತ ಮೊದಲೇ ಅವಳಿಗೆ ನೀರಿನ ಗುಣ ಗೊತ್ತಾಗಿತ್ತು. ಪಾತ್ರೆಯ ತಳದಲ್ಲಿ ಏಳುವ ಗುಳ್ಳೆ ಸದ್ದು ಕೇಳಿದರೆ ಸಾಕು, ಕುದಿ ಬರಲು ಇನ್ನೆಷ್ಟು ಹೊತ್ತು ಎಂದು ಹೇಳಿಬಿಡುತ್ತಿದ್ದಳು. ಇದೊಂದು ವಿದ್ಯೆ ಎಂದು ಅವಳಿಗಾಗಲೀ ಬೇರೆಯವರಿಗಾಗಲೀ ಅನ್ನಿಸಿರಲಿಲ್ಲ.

ದೇಶದ ಸೈನ್ಯ ಏನೇನು ಕೊಂಡಿತು, ಕೊಂಡದ್ದು ಕೆಲಸಕ್ಕೆ ಬಂತೇ, ಬಾರದಿದ್ದರೆ ಯಾಕೆ ಎಂದು ಕೇಳುವುದು ಆ ಕಚೇರಿಯ ಕೆಲಸ. ಉತ್ತರ ಕೊಡಬೇಕಾದ ಕಚೇರಿಗಳಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಒಮ್ಮೆ ಬೂಟುಗಳ ಹೊಲಿಗೆ ಬಿಚ್ಚಿಕೊಂಡ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ, ಆ ಬೂಟು ತೊಟ್ಟಿದ್ದವರೆಲ್ಲ ನಿವೃತ್ತರಾಗಿ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು.

ಒಂದು ದಿನ ಎರಡನೆಯ ವಿಭಾಗದ ಆಡಿಟರ್ ಕಡತವೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತ. ಮೂವತ್ತೆರಡರ ಬಡಕಲು ಆಸಾಮಿ. ತಲೆ ಕೆಟ್ಟಾಗಲೆಲ್ಲ ಅಲ್ಲಿಗೆ ಬರುವುದು ಅವನ ರೂಢಿ. ಗುಡ್ಡದ ಮೇಲಿನ ಗಡಿ ಠಾಣೆಗಳಿಗೆಂದು ಸೈನ್ಯ ಹನ್ನೆರಡು ಸಾವಿರ ಸೀಮೆಎಣ್ಣೆ ಒಲೆ ಕೊಂಡಿತ್ತು. ಒಲೆ ಸರಿಯಿಲ್ಲ ಎಂದು ಠಾಣೆಗಳಿಂದ ದೂರುಗಳು ಬರುತ್ತಿದ್ದವು. ಒಬ್ಬ ಹವಾಲ್ದಾರನಂತೂ, ಒಂದು ಪಾಳಿಯವರು ಇಟ್ಟ ನೀರನ್ನು ಎರಡನೆಯ ಪಾಳಿಯವರು ಇಳಿಸಬೇಕಾಗಿದೆ ಎಂದು ಬರೆದಿದ್ದ. ಒಲೆ ಕಳಿಸಿದ್ದ ಸೈನ್ಯದ ಉಗ್ರಾಣದವರು ಇದಕ್ಕೆಲ್ಲ ಒಂದೇ ಉತ್ತರ ಕೊಟ್ಟಿದ್ದರು: ಪರೀಕ್ಷೆಯಲ್ಲಿ ಈ ಒಲೆ ಹತ್ತು ಲೀಟರ್ ನೀರನ್ನು ಹನ್ನೊಂದು ನಿಮಿಷದಲ್ಲಿ ಕುದಿಸಿದೆ, ಮೂವರು ಅಧಿಕಾರಿಗಳ ಸಹಿ ಇದೆ, ಠಸ್ಸೆ ಇದೆ.

"ಅಕ್ಕ, ಹತ್ತು ಲೀಟರ್ ನೀರು ಕುದಿಯೋಕೆ ನಿಮಗೆಷ್ಟು ಹೊತ್ತು ಬೇಕು?" ಎಂದು ಅವನು ಕೇಳಿದ.

"ದೊಡ್ಡ ಉರಿ ಇಟ್ರೆ ಅರ್ಧ ಗಂಟೆ. ಚಳಿಗಾಲದಲ್ಲಿ ಇನ್ನೈದು ನಿಮಿಷ ಜಾಸ್ತಿ."

"ಹನ್ನೊಂದು ನಿಮಿಷಕ್ಕೆ ಆಗುತ್ತಾ?"

ಚಹಾದಕ್ಕ ಸೋಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಆಗುತ್ತಪ್ಪ. ಬಿಸಿನೀರು ಹಾಕಿದ್ರೆ ಆಗುತ್ತೆ."

ಆಡಿಟರ್ ಜೋರಾಗಿ ನಕ್ಕು ಹೊರಟ. ಆರೇಳು ಹೆಜ್ಜೆ ಹೋಗುವಷ್ಟರಲ್ಲಿ ನಗು ನಿಂತಿತು. ಅಲ್ಲೇ ಗೋಡೆಗೊರಗಿ ಪರೀಕ್ಷೆಯ ವರದಿಯನ್ನು ಮತ್ತೊಮ್ಮೆ ಓದಿದ. ಒಲೆಯ ತೂಕವಿತ್ತು, ಉರಿಯ ಬಣ್ಣವಿತ್ತು, ಅಂದು ಬೀಸಿದ ಗಾಳಿಯ ದಿಕ್ಕಿತ್ತು, ಬಂದ ಅತಿಥಿಗಳ ಪಟ್ಟಿಯೂ ಇತ್ತು. ಒಲೆಯ ಮೇಲಿಡುವಾಗ ನೀರು ಎಷ್ಟು ಬೆಚ್ಚಗಿತ್ತು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಉಗ್ರಾಣಕ್ಕೆ ತಪಾಸಣೆಗೆ ಹೋಗುವ ಆಡಿಟರ್ ಒಬ್ಬ ಸಹಾಯಕರನ್ನು ಕರೆದೊಯ್ಯಬಹುದು ಎಂದು ನಿಯಮವಿತ್ತು. ಅವನು ಚಹಾದಕ್ಕನ ಹೆಸರು ಬರೆದ. ಅರ್ಜಿಯಲ್ಲಿ ಸಹಾಯಕರ ವಿಶೇಷ ಪರಿಣತಿ ಎಂದಿದ್ದ ಕಡೆ ಸ್ವಲ್ಪ ಯೋಚಿಸಿ 'ಕುದಿಸುವಿಕೆ' ಎಂದು ತುಂಬಿದ. ನಿರ್ದೇಶಕರು ಆ ಹೊತ್ತಿಗೆ ಅವಳು ತಂದಿಟ್ಟ ಚಹಾವನ್ನೇ ಊದಿ ಊದಿ ಕುಡಿಯುತ್ತಿದ್ದರು, ಓದದೆ ಸಹಿ ಹಾಕಿದರು.

ಉಗ್ರಾಣದ ಅಂಗಳದಲ್ಲಿ ಅಂಚಿನ ಕಲ್ಲುಗಳಿಗೂ ಸುಣ್ಣ ಬಳಿದಿದ್ದರು. ಉಗ್ರಾಣದ ಮುಖ್ಯಸ್ಥ ಒಬ್ಬ ಕರ್ನಲ್. ಎತ್ತರದ ಆಳು, ಹುರಿ ಮಾಡಿದ ಮೀಸೆ, ಇಸ್ತ್ರಿ ಮಾಡಿದಂಥ ಬೆನ್ನು. ಕುರ್ಚಿ ಹಾಕಿಸಿದ, ಬಿಸ್ಕತ್ತು ತರಿಸಿದ. ಒಲೆ ಮಾರಿದ ಕಂಪನಿಯ ಪ್ರತಿನಿಧಿಯೂ ಕೋಟು ತೊಟ್ಟು ಬಂದಿದ್ದ. ತಪಾಸಣೆಯವರು ಕಣ್ಣಾರೆ ನೋಡಲಿ ಎಂದು ಒಲೆ ಹಚ್ಚಿದರು. ಇಬ್ಬರು ಸಿಪಾಯಿಗಳು ಮುಚ್ಚಳ ಹಾಕಿದ ಪಾತ್ರೆಯನ್ನು ಮಲಗಿದ ಕೂಸನ್ನು ಎತ್ತಿ ತರುವಂತೆ ಮೆಲ್ಲಗೆ ಹೊತ್ತು ತಂದರು.

ಚಹಾದಕ್ಕ ಎದ್ದು ಹೋಗಿ, ಯಾರನ್ನೂ ಕೇಳದೆ ಮುಚ್ಚಳ ತೆಗೆದು ಬೆರಳು ಅದ್ದಿ ತಟ್ಟನೆ ಹಿಂದೆಗೆದಳು.

"ಸರ್, ಇದು ಬಾಣಂತಿಗೆ ಎರೆಯೋ ನೀರು. ಒಲೆ ಮೇಲೆ ಇಡೋ ನೀರು ಎಲ್ಲಿ?"

ಪಾತ್ರೆ ಬೆಳಗಿನಿಂದ ಬಿಸಿಲಲ್ಲಿತ್ತು, ಅದಕ್ಕೇ ಸ್ವಲ್ಪ ಬೆಚ್ಚಗಾಗಿರಬೇಕು ಎಂದು ಪ್ರತಿನಿಧಿ ನಡುವೆ ಬಾಯಿ ಹಾಕಿದ. ಚಹಾದಕ್ಕ ತಲೆಯೆತ್ತಿ ಆಕಾಶ ನೋಡಿದಳು. ಅವಳನ್ನು ನೋಡಿ ಆಡಿಟರ್ ನೋಡಿದ, ಸಿಪಾಯಿಗಳು ನೋಡಿದರು, ಕೊನೆಗೆ ಕರ್ನಲ್ ಕೂಡ ನೋಡಿದ. ಮೂರು ದಿನದಿಂದ ಮೋಡ ಕವಿದು ಸೂರ್ಯನ ಮುಖವೇ ಕಂಡಿರಲಿಲ್ಲ. ಪ್ರತಿನಿಧಿಯ ಮುಖ ಹುಳ್ಳಗಾಯಿತು.

ಅವಳು ಆ ನೀರು ಚೆಲ್ಲಿ, ಅಂಗಳದ ಮೂಲೆಯ ನಲ್ಲಿಯಿಂದ ತಾನೇ ಹತ್ತು ಲೀಟರ್ ಹಿಡಿದು ತಂದಿಟ್ಟಳು. ಆಡಿಟರ್ ಗಡಿಯಾರ ನೋಡಿ ಸಮಯ ಬರೆದುಕೊಂಡ. ಹನ್ನೊಂದು ನಿಮಿಷಕ್ಕೆ ನೀರು ಅದೇ ತಾನೇ ಎದ್ದು ಕಣ್ಣುಜ್ಜಿಕೊಳ್ಳುವ ಹಾಗಿತ್ತು. ಇಪ್ಪತ್ತು ನಿಮಿಷಕ್ಕೆ ಪ್ರತಿನಿಧಿಗೆ ಯಾವುದೋ ತುರ್ತು ಕರೆ ನೆನಪಾಗಿ ಗೇಟಿನ ಕಡೆ ಜಾರಿಕೊಂಡ. ಅರ್ಧ ಗಂಟೆಗೆ ಬಿಸ್ಕತ್ತು ಮುಗಿಯಿತು. ಮಾತು ಅದಕ್ಕೂ ಮೊದಲೇ ಮುಗಿದಿತ್ತು. ಕರ್ನಲ್ ಮಾತ್ರ ಒಲೆಯ ಮುಂದೆ ಕಂಬದಂತೆ ನಿಂತೇ ಇದ್ದ. ಅವನು ನಿಂತಿದ್ದರಿಂದ ಉಳಿದವರೂ ಕೂರುವಂತಿರಲಿಲ್ಲ. ನಲವತ್ತೇಳನೆಯ ನಿಮಿಷಕ್ಕೆ ಕುದಿ ಬಂತು. ಹತ್ತು ಲೀಟರ್ ಕುದಿನೀರನ್ನು ಸುಮ್ಮನೆ ಚೆಲ್ಲಲು ಚಹಾದಕ್ಕನಿಗೆ ಮನಸ್ಸು ಬರಲಿಲ್ಲ. ಚೀಲದಲ್ಲಿದ್ದ ಪುಡಿ ಹಾಕಿ ಚಹಾ ಮಾಡಿ, ಮೊದಲು ಪಾತ್ರೆ ಹೊತ್ತ ಸಿಪಾಯಿಗಳಿಗೆ, ಆಮೇಲೆ ಉಳಿದವರಿಗೆ ಕೊಟ್ಟಳು. ಕರ್ನಲ್ ನಿಂತುಕೊಂಡೇ ಕುಡಿದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳ ಕೈಗೇ ಒಂದು ನೋಟೀಸು ಬಂತು. ನಿನ್ನೆ ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಚಹಾ ಸರಬರಾಜಾಗಿಲ್ಲ, ಇದಕ್ಕೆ ಯಾರು ಹೊಣೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಹನ್ನೆರಡು ಸಾವಿರ ಒಲೆಗಳ ಬಗ್ಗೆ ಇದೇ ಪ್ರಶ್ನೆ ಎರಡು ವರ್ಷದಿಂದ ಓಡಾಡುತ್ತಿತ್ತು. ಆಡಿಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ನಗು ಬರಲಿಲ್ಲ, ಇಷ್ಟು ವರ್ಷದಲ್ಲಿ ಅದು ಅವಳಿಗೆ ಬಂದ ಮೊದಲ ನೋಟೀಸು. ಸರ್ಕಾರಿ ಆದೇಶದ ಮೇರೆಗೆ ನೀರು ಕುದಿಸಲು ಹೋಗಿದ್ದೆ ಎಂದು ಅವನ ಕೈಯಲ್ಲೇ ಬರೆಸಿ ಕೊಟ್ಟಳು.

ಆಡಿಟರ್‌ನ ವರದಿ ಸಂಸತ್ತಿನ ಸಮಿತಿಯ ಮುಂದೆ ಹೋಯಿತು. ಎರಡು ತಿಂಗಳಾದ ಮೇಲೆ, ಸಾಕ್ಷಿ ಹೇಳಲು ಬರಬೇಕೆಂದು ಚಹಾದಕ್ಕನಿಗೆ ಕರೆ ಬಂತು. ಅಂದು ಸಂಜೆ ಅವಳ ಗಂಡ ಮಂಚದ ಮೇಲೆ ದಿಂಬಿಟ್ಟುಕೊಂಡು ಕೂತು ಸಮಿತಿಯ ಅಧ್ಯಕ್ಷನಾದ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನಿಗೆ ಜನರನ್ನು ವಿಚಾರಿಸುವುದು ತನಗೆ ಗೊತ್ತೆಂಬ ಭರವಸೆ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಎಂಬ ಧಾಟಿಯಲ್ಲೇ ಅವನ ಪ್ರಶ್ನೆಗಳು ಬಂದವು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಮಗಳು ಅಪ್ಪನನ್ನು ಸುಮ್ಮನಿರಿಸಿ, ಅಮ್ಮನ ಕೈ ಹಿಡಿದುಕೊಂಡಳು.

"ಅಮ್ಮ, ಕೇಳಿದಷ್ಟಕ್ಕೆ ಉತ್ತರ ಕೊಡು. ನೀನು ತಿರುಗಿಸಿ ಪ್ರಶ್ನೆ ಕೇಳ್ಬೇಡ."

ಆಗಲಿ ಎಂದು ಚಹಾದಕ್ಕ ಮಾತು ಕೊಟ್ಟಳು.

ಸಮಿತಿಯ ಕೋಣೆಯಲ್ಲಿ ಕುದುರೆ ಲಾಳದಾಕಾರದ ಮೇಜು, ಪ್ರತಿಯೊಬ್ಬರ ಮುಂದೂ ಮೈಕು, ನೀರಿನ ಲೋಟ. ಅಧ್ಯಕ್ಷೆ ಒಂದು ಕಾಲದಲ್ಲಿ ಶಾಲೆಯ ಟೀಚರಾಗಿದ್ದವರು. ಕನ್ನಡಕದ ಮೇಲಿಂದ ಅವರು ನೋಡಿದರೆ ಇಲಾಖೆಯ ಕಾರ್ಯದರ್ಶಿಗಳೂ ಕಾಲು ಜೋಡಿಸಿ ಕೂರುತ್ತಿದ್ದರು. ಒಲೆ ಕೊಂಡ ಇಲಾಖೆಯ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, ಇಲ್ಲಿ ನಿಯಮ ಮೀರಿದ್ದು ಏನೂ ಇಲ್ಲ ಎಂದರು. ಟೆಂಡರಿನಲ್ಲಿ ಇರುವುದು 'ನೀರು' ಎಂಬ ಪದ, ಅದರ ಹಿಂದೆ 'ತಣ್ಣನೆಯ' ಎಂಬ ವಿಶೇಷಣ ಇಲ್ಲ, ಬೆಚ್ಚಗಿನ ನೀರೂ ಕಾನೂನಿನ ದೃಷ್ಟಿಯಲ್ಲಿ ನೀರೇ ಎಂದು ವಿವರಿಸಿದರು. ವಿವರಣೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಇಬ್ಬರು ಸದಸ್ಯರು ತಲೆದೂಗಿದರು.

ಅಧ್ಯಕ್ಷೆ ಚಹಾದಕ್ಕನ ಕಡೆ ತಿರುಗಿ, ಇದಕ್ಕೆ ನೀವೇನು ಹೇಳುತ್ತೀರಿ ಎಂದರು. ಮಗಳಿಗೆ ಕೊಟ್ಟ ಮಾತು ಅವಳಿಗೆ ನೆನಪಿತ್ತು. ಆದರೆ ಬಾಯಿಗೆ ಅದು ನೆನಪಿರಲಿಲ್ಲ. ಅವಳು ಕಾರ್ಯದರ್ಶಿಗಳ ಕಡೆ ತಿರುಗಿದಳು.

"ಸರ್, ಗುಡ್ಡದ ಮೇಲೆ ಆ ಮಕ್ಕಳಿಗೆ ಮೊದ್ಲೇ ಬಿಸಿನೀರು ಸಿಗೋ ಹಾಗಿದ್ರೆ, ಒಲೆ ಯಾಕೆ ಕೊಂಡ್ರಿ?"

ಶೀಘ್ರಲಿಪಿಕಾರ ಬರೆಯುವುದು ಬಿಟ್ಟು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ. ತಲೆದೂಗಿದ್ದ ಇಬ್ಬರು ಸದಸ್ಯರು ಮುಂದಿದ್ದ ಕಾಗದಗಳನ್ನು ಬಹಳ ಗಮನವಿಟ್ಟು ಓದತೊಡಗಿದರು.

ಹಾಗಾದರೆ ನೀರು ಕಾಯಿಸಿಟ್ಟವರು ಯಾರು ಎಂದು ಅಧ್ಯಕ್ಷೆ ಕೇಳಿದರು. ಕಾರ್ಯದರ್ಶಿಗಳು ಪರೀಕ್ಷಾ ಮಂಡಳಿಯನ್ನು ತೋರಿಸಿದರು. ಮಂಡಳಿಯವರು ಏರ್ಪಾಡು ಮಾಡಿದ್ದು ಸರಬರಾಜು ಶಾಖೆ ಎಂದರು. ಪಾತ್ರೆ ಕಂಪನಿಯದು ಎಂದು ಶಾಖೆಯವರು ಕೈ ತೊಳೆದುಕೊಂಡರು. ತಾವು ತಂದದ್ದು ಪಾತ್ರೆ ಮಾತ್ರ, ನೀರು ಸರ್ಕಾರದ್ದು ಎಂದು ಕಂಪನಿಯ ಪ್ರತಿನಿಧಿ ಹೇಳಿದ. ಹೀಗೆ ಪ್ರಶ್ನೆ ಮೇಜನ್ನು ಎರಡು ಸುತ್ತು ಹಾಕಿತು. ಮೂರನೆಯ ಸುತ್ತು ಶುರುವಾಗುವಾಗ ಹಿಂದಿನ ಸಾಲಿನಲ್ಲಿದ್ದ ಕರ್ನಲ್ ಎದ್ದು ನಿಂತ.

"ಕಾಯಿಸಿದ್ದು ಯಾರು ಅಂತ ನನಗೆ ಗೊತ್ತಿಲ್ಲ ಮೇಡಂ. ಪರೀಕ್ಷೆ ವರದೀಲಿ ಕೊನೇ ಸಹಿ ನಂದು. ನೀರು ಕುದೀತಾ ಅಂತ ನೋಡ್ದೆ, ಮೊದಲು ಹೇಗಿತ್ತು ಅಂತ ಮುಟ್ಟಿ ನೋಡ್ಲಿಲ್ಲ. ನನಗಿಂತ ಮುಂಚೆ ಇಬ್ರು ಸಹಿ ಹಾಕಿದ್ರು, ಅದನ್ನ ನೋಡಿ ನಾನೂ ಹಾಕ್ದೆ."

"ಅವ್ರು ಏನು ನೋಡಿ ಹಾಕಿದ್ರು?"

"ಹೇಗೂ ಕೊನೇಲಿ ನಾನು ನೋಡ್ತೀನಲ್ಲ ಅಂತ ಹಾಕಿದ್ರಂತೆ."

ಯಾರೂ ನಗಲಿಲ್ಲ. ಕರ್ನಲ್‌ನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಅಷ್ಟು ಜನ ಅಷ್ಟು ಸಲೀಸಾಗಿ ನುಣುಚಿಕೊಂಡ ಮೇಲೆ, ನುಣುಚಿಕೊಳ್ಳಲು ಬಾರದ ಈ ಮನುಷ್ಯನನ್ನು ಕಂಡು ಚಹಾದಕ್ಕನಿಗೆ ಕರುಳು ಚುರ್ರೆಂದಿತು. ಅವನ ಹಣೆಬರಹ ಇಷ್ಟಕ್ಕೇ ಕೆಡುತ್ತದೆಂದು ಅವಳಿಗೆ ತಿಳಿದಿತ್ತು. ಏನು ಮಾಡಬೇಕೆಂದು ತೋಚದೆ, ತನ್ನ ಮುಂದಿದ್ದ ನೀರಿನ ಲೋಟವನ್ನು ಎದ್ದು ಹೋಗಿ ಅವನ ಕೈಗೆ ಕೊಟ್ಟಳು. ಸಾಕ್ಷಿಗಳು ಜಾಗ ಬಿಟ್ಟು ಏಳಬಾರದೆಂಬ ನಿಯಮವಿತ್ತು. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸುತ್ತ ಕೂತರು.

ಒಲೆಗಳ ಬರ್ನರನ್ನೆಲ್ಲ ಕಂಪನಿ ತನ್ನ ಖರ್ಚಿನಲ್ಲಿ ಬದಲಾಯಿಸಬೇಕಾಯಿತು. ಕಾರ್ಯದರ್ಶಿಗಳನ್ನು ಮೀನುಗಾರಿಕೆ ಇಲಾಖೆಗೆ ಕಳಿಸಿದರು, ಅಲ್ಲಿ ನೀರಿಗೆ ಬರವಿರಲಿಲ್ಲ. ಕರ್ನಲ್‌ಗೆ ಬರಬೇಕಿದ್ದ ಬಡ್ತಿ ತಪ್ಪಿತು. ಮುಂದಿನ ವರ್ಷ ಅವನು ನಿವೃತ್ತನಾಗುವ ಮೊದಲು ಒಮ್ಮೆ ಮೂರನೆಯ ಮಹಡಿಗೆ ಬಂದು, ಅಡುಗೆಕೋಣೆಯ ಸ್ಟೂಲಿನ ಮೇಲೆ ಕೂತು ಎರಡು ಲೋಟ ಚಹಾ ಕುಡಿದು ಹೋದ. ಈಗ ಏನಕ್ಕೇ ಸಹಿ ಹಾಕಬೇಕಾದರೂ ಮೊದಲು ಕೈ ಇಟ್ಟು ನೋಡುತ್ತೇನೆ, ಮೊನ್ನೆ ಮದ್ದುಗುಂಡಿನ ಪೆಟ್ಟಿಗೆಯೊಳಗೆ ಕೈ ಹಾಕಿ ಬೈಸಿಕೊಂಡೆ ಎಂದು ಹೇಳಿದ. ಅವಳು ಅವನಿಗೆ ಮನೆಗೆ ಕಟ್ಟಿಕೊಂಡು ಹೋಗಲು ಒಂದು ಪೊಟ್ಟಣ ಚಹಾಪುಡಿ ಕೊಟ್ಟಳು.

ಅಷ್ಟು ಹೊತ್ತಿಗೆ ಚಹಾದಕ್ಕನ ಹೆಸರು ಇಲಾಖೆಗಳಲ್ಲೆಲ್ಲ ಹಬ್ಬಿತ್ತು. ಸೈನ್ಯದ ಮಳೆಕೋಟು ಸೋರುತ್ತದೆಂಬ ದೂರು ಬಂದಾಗ ಆಡಿಟರ್ ಒಂದು ಕೋಟು ಹಿಡಿದುಕೊಂಡು ನೇರ ಅವಳ ಹತ್ತಿರ ಓಡಿಬಂದ. ಅವಳು ಅದನ್ನು ಮುಟ್ಟಲೂ ಇಲ್ಲ. "ನನಗೆ ಗೊತ್ತಿರೋದು ನೀರು ಕಾಯ್ಸೋದು. ಇದಕ್ಕೆ ಗೇಟಿನ ಹತ್ರ ಕೂರೋ ಛತ್ರಿ ರಿಪೇರಿಯವರನ್ನ ಕರ್ಕೊಂಡು ಹೋಗಪ್ಪ," ಎಂದಳು. ಅವನು ಹಾಗೇ ಮಾಡಿದ. ಛತ್ರಿಯವನು ಕೋಟನ್ನು ಬೆಳಕಿಗೆ ಹಿಡಿದು, ಹೊಲಿಗೆಯನ್ನು ಹಲ್ಲಿನಿಂದ ಎಳೆದು ನೋಡಿ, ಇದನ್ನು ಹೊಲಿದವನು ಮಳೆ ಕಂಡವನಲ್ಲ ಎಂದನಂತೆ.

ಚಹಾದಕ್ಕ ಇನ್ನೂ ಮೂರು ವರ್ಷ ಕೆಲಸ ಮಾಡಿ ನಿವೃತ್ತಳಾದಳು. ಬೀಳ್ಕೊಡುವ ದಿನ ನಿರ್ದೇಶಕರು ದೊಡ್ಡ ಭಾಷಣ ಮಾಡಿದರು. ಭಾಷಣದ ಮಧ್ಯೆ ಅವಳಿಗೆ ತೂಕಡಿಕೆ ಬಂತು. ಈಗ ಬೆಳಿಗ್ಗೆ ಎಂಟರವರೆಗೆ ಮಲಗುತ್ತಾಳೆ, ಎಬ್ಬಿಸಲು ಹೋದರೆ ಗಂಡನನ್ನು ಗದರುತ್ತಾಳೆ.