ಹಲ್ಲಿಗೆ ತಿಕ್ಕಿದ ನತ್ತು

ಅಪ್ಪನ ಕಣ್ಣಿಗೆ ಪೊರೆ ಬಂದದ್ದರಿಂದ ನಾನು ಹರಳು ನೋಡುವುದನ್ನು ಕಲಿತೆ. ನಮ್ಮ ಸೊಲ್ಲಾಪುರದಲ್ಲಿ ಅದಕ್ಕೆ ಮೋತಿಬಿಂದು ಎನ್ನುತ್ತಾರೆ. ಮುತ್ತು ಮಾರುವವನ ಕಣ್ಣಿಗೆ ಮುತ್ತೇ ಬಂದು ಕೂತಿತಲ್ಲ ಎಂದು ಅವ್ವ ನಗುತ್ತಿದ್ದಳು. ಅಪ್ಪನಿಗೆ ನಗು ಬರುತ್ತಿರಲಿಲ್ಲ. ಆಪರೇಷನ್ ಎಂದರೆ ಹೆದರುತ್ತಿದ್ದ, ಅಂಗಡಿ ಮುಚ್ಚುವುದೆಂದರೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದ. ಹೀಗಾಗಿ ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದ ನನ್ನ ಕೈಗೆ ಭೂತಗನ್ನಡಿ ಬಂತು.

ಮೊದಲ ಮೂರು ತಿಂಗಳು ಅಪ್ಪ ಖೋಟಾ ಹರಳನ್ನು ತೋರಿಸಲೇ ಇಲ್ಲ. "ಮೊದಲ ಖರೇದು ಕಣ್ಣಾಗ ಕೂಡ್ಲಿ, ಖೋಟಾ ತಾನ ಹೊರಗ ಬೀಳತೈತಿ" ಎನ್ನುತ್ತಿದ್ದ. ಆಮೇಲೆ ಒಂದೊಂದೇ ಪರೀಕ್ಷೆ ಕಲಿಸಿದ. ಕೆಂಪು ಹರಳಿನ ಮೇಲೆ ಬಾಯಿಂದ ಹಬೆ ಬಿಡು. ಮಂಜು ತಟ್ಟನೆ ಹೋದರೆ ಹರಳು, ನಿಂತರೆ ಗಾಜು. ಪಚ್ಚೆಯೊಳಗೆ ಪಾಚಿಯಂಥ ಎಳೆ ಇರಬೇಕು, ತೀರ ಸ್ವಚ್ಛವಾಗಿದ್ದರೆ ಸಂಶಯಪಡು. ಗಾಜಿನೊಳಗೆ ಗುಳ್ಳೆ ಹುಡುಕು. ಮುತ್ತನ್ನು ಮುಂದಿನ ಹಲ್ಲಿಗೆ ಮೆಲ್ಲಗೆ ತಿಕ್ಕು. ಸಣ್ಣ ರವೆಯಂತೆ ತರಿತರಿ ಹತ್ತಿದರೆ ಖರೆ, ಜಾರಿದರೆ ಖೋಟಾ. ಕೊನೆಯ ಪಾಠವೇ ದೊಡ್ಡದು: ಗಿರಾಕಿಯ ಮುಖದ ಮೇಲೆ ಖೋಟಾ ಎಂದು ಎಂದೂ ಹೇಳಬಾರದು. "ಇದರ ಜಾತಿ ಬ್ಯಾರೆ ಐತ್ರಿ" ಎನ್ನಬೇಕು.

ಆ ಕೊನೆಯ ಪಾಠ ನನ್ನ ತಲೆಗೆ ಹತ್ತಲಿಲ್ಲ. ಅವ್ವನ ತಂಗಿ, ನಮ್ಮ ಮೌಶಿ, ಬಂದಾಗ ಅವಳ ಕೆಂಪಿನ ಉಂಗುರಕ್ಕೆ ಹಬೆ ಬಿಟ್ಟು, "ಮೌಶಿ, ಇದು ಬರೇ ಗಾಜು" ಎಂದುಬಿಟ್ಟೆ. ಅದು ಅವಳ ಗಂಡ ಮದುವೆಯಲ್ಲಿ ಕೊಟ್ಟದ್ದು. ಆ ಮನುಷ್ಯ ಒಂದು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಓಣಿಯ ಹೆಂಗಸರು ನನ್ನನ್ನು ಕಂಡರೆ ಸೆರಗಿನಿಂದ ಕೊರಳು ಮುಚ್ಚಿಕೊಳ್ಳತೊಡಗಿದರು. ನನ್ನನ್ನು ನೋಡಲು ಬಂದ ಎರಡು ಮನೆಯವರು "ಹುಡುಗಿ ಭಾಳ ಶ್ಯಾಣೆ ಅದಾಳ" ಎಂದು ಹೇಳಿ ಕಳಿಸಿದರು. ಬೇಡ ಎನ್ನುವುದಕ್ಕೆ ಅದು ಮರ್ಯಾದೆಯ ಮಾತು.

ಮೂರನೆಯದು ಅಕ್ಕಲಕೋಟದ ಸಂಬಂಧ. ಅವ್ವ ನನ್ನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು. "ಯಾರ ಮೈಮ್ಯಾಲಿನ ವಸ್ತಾನೂ ನೋಡಬ್ಯಾಡ. ನೆಲಾ ನೋಡು. ಇದೂ ಮುರೀತಂದ್ರ ಮುಂದ ಯಾರೂ ಬರೂದಿಲ್ಲ." ನನಗೂ ಆ ಭಯವಿತ್ತು. ಮೇಲಾಗಿ ಹುಡುಗ ಒಳಗೆ ಬರುವಾಗ ಹೊಸ್ತಿಲು ಎಡವಿ ತನಗೆ ತಾನೇ ನಕ್ಕದ್ದನ್ನು ಕಿಟಕಿಯಿಂದ ನೋಡಿದ್ದೆ. ಅವನು ನನಗೆ ಹಿಡಿಸಿಬಿಟ್ಟಿದ್ದ.

ನೆಲ ನೋಡುತ್ತಲೇ ಜಮಖಾನದ ಮೇಲೆ ಕೂತೆ. ಶಿರಾ ಆಯಿತು, ಚಹಾ ಆಯಿತು. ಹುಡುಗನ ಅಜ್ಜಿ ಸೊಂಟದ ಚೀಲದಿಂದ ಮುತ್ತಿನ ನತ್ತು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಹಾಕ್ಕೋ ತಂಗಿ. ನಮ್ಮತ್ತಿ ನನಗ ಕೊಟ್ಟಿದ್ದು. ಆಮ್ಯಾಲೆ ನಮ್ಮ ಸೊಸಿ ಹಾಕ್ಕೊಂಡಳು."

ಒಪ್ಪಿದೆವು ಎಂದೇ ಅದರ ಅರ್ಥ. ಅವ್ವನ ಮುಖ ಅರಳಿತು. ನಾನು ನತ್ತನ್ನು ಎತ್ತಿದೆ. ಮೂಗಿಗೆ ಹೋಗಬೇಕಾದ ಕೈ ರೂಢಿಯಂತೆ ನೆಟ್ಟಗೆ ಬಾಯಿಗೆ ಹೋಗಿ, ಮುತ್ತನ್ನು ಮುಂದಿನ ಹಲ್ಲಿಗೆ ತಿಕ್ಕಿತು.

ಜಾರಿತು.

ಕಪ್ಪು-ಬಸಿಯ ಸದ್ದು ನಿಂತಿತು. ಅವ್ವ ಹಣೆ ಹಿಡಿದುಕೊಂಡಳು. ಏನೂ ಕಾಣದ ಅಪ್ಪ, "ಯಾಕ, ಎದ್ದು ಹ್ವಾದ್ರೇನು?" ಎಂದು ಕೇಳಿದ.

"ಏನಂತೈತಿ ಮುತ್ತು? ಹೇಳು" ಎಂದರು ಅಜ್ಜಿ.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಇದರ ಜಾತಿ ಬ್ಯಾರೆ ಐತ್ರಿ ಆಯಿ."

ಅಜ್ಜಿ ನತ್ತನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬಾಯಿ ತೆರೆದು ನಕ್ಕರು. ಒಳಗೆ ಒಂದೂ ಹಲ್ಲಿರಲಿಲ್ಲ. "ನನಗೂ ಸಂಶೆ ಇತ್ತವಾ. ಅತ್ತಿ ಇರೂತನಕ ತಿಕ್ಕಿ ನೋಡೂ ಧೈರ್ಯ ಆಗಲಿಲ್ಲ. ಅತ್ತಿ ಹ್ವಾದ ಮ್ಯಾಲ ಹಲ್ಲ ಉಳೀಲಿಲ್ಲ!"

ಹುಡುಗ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮುತ್ತ ನಕ್ಕ. ಅಜ್ಜಿ ಅದೇ ನತ್ತನ್ನು ತಮ್ಮ ಕೈಯಿಂದಲೇ ನನ್ನ ಮೂಗಿಗೆ ಹಾಕಿದರು. ನನಗೆ ಅಳು ಬಂದುಬಿಟ್ಟಿತು. "ಆದ್ರ ಒಂದು ಮಾತು" ಎಂದರು, "ಮನ್ಯಾಗ ಇನ್ನೊಂದು ಪೆಟ್ಟಿಗಿ ಐತಿ. ಅದರ ತಂಟೇಕ ಹೋಗಬಾರ್ದು." ಹೋಗುವುದಿಲ್ಲ ಎಂದು ಎರಡನೆಯ ಆಣೆ ಮಾಡಿದೆ.

ಮದುವೆಯಾಗಿ ಅಕ್ಕಲಕೋಟಕ್ಕೆ ಹೋದ ಎಂಟನೆಯ ದಿನ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದಾಗ ಅಜ್ಜಿ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಸೆರಗಿನ ಕೆಳಗೆ ಆ ಪೆಟ್ಟಿಗೆ ಇತ್ತು. "ಲಗೂ ಲಗೂ ತಿಕ್ಕು" ಎಂದರು, "ಯಾರರ ಎದ್ದಾರು."

ಸಂಜೆಯ ಚಹಾದ ಹೊತ್ತಿಗೆ ನನ್ನ ಮುಂದಿನ ಹಲ್ಲು ನೋಯುತ್ತಿತ್ತು. ಪೆಟ್ಟಿಗೆಯೊಳಗೆ ಖರೇದು ಎಷ್ಟಿತ್ತು, ಖೋಟಾ ಎಷ್ಟಿತ್ತು ಎಂಬುದು ನಮ್ಮಿಬ್ಬರಲ್ಲೇ ಉಳಿಯಿತು. ಮುಂದೆ ಎಷ್ಟೋ ವರ್ಷ ಅತ್ತೆ ಪ್ರತಿ ದೀಪಾವಳಿಗೆ ಆ ಪೆಟ್ಟಿಗೆಯ ಮುತ್ತಿನ ಸರ ಹಾಕಿಕೊಂಡು, "ಹೆಂಗ ಕಾಣತೈತಿ?" ಎಂದು ನನ್ನನ್ನೇ ಕೇಳುತ್ತಿದ್ದರು.

"ಭಾಳ ಚೊಲೋ ಕಾಣತೈತ್ರಿ ಅತ್ತಿ" ಎನ್ನುತ್ತಿದ್ದೆ. ಮೂಲೆಯಲ್ಲಿ ಕೂತ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.