ಹೊರಗೆ ಬಾರದ ಕ್ಯಾಸೆಟ್

ಮೊನ್ನೆ ಡುಲುತ್‌ನ ನಮ್ಮ ಮನೆಯಿಂದ ತರಕಾರಿ ಅಂಗಡಿಗೆ ಹೊರಟಿದ್ದೆವು. ಮಗಳು ಡ್ರೈವ್ ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಚೀಲ ಹಿಡಿದು ಕೂತಿದ್ದೆ. ಅವಳ ಫೋನಿನಿಂದ ಒಂದು ಹಾಡು ಶುರುವಾಯಿತು. ಮೊದಲು ಕುಣಿಯುವ ತಾಳ, ಆಮೇಲೆ ಸೋಡಾ ಬಾಟಲಿ ತೆಗೆದಂತೆ ನೊರೆಯುಕ್ಕುವ ತುತ್ತೂರಿಗಳು, ಅದರ ಮೇಲೆ ಬಿಸಿಲಿಗೆ ಮುಖವೊಡ್ಡಿ ನಿಂತವಳಂಥ ಹೆಂಗಸಿನ ದನಿ. ಜಪಾನಿ ಹಾಡು, ಎಂಬತ್ತರ ದಶಕದ್ದು. ಸಿಗ್ನಲ್ ಹಸಿರಿತ್ತು, ಮುಂದೆ ಒಂದು ಗಾಡಿಯೂ ಇರಲಿಲ್ಲ. ಆದರೂ ನನ್ನ ಬಲಗಾಲು ಕಾರಿನ ನೆಲ ತೂತಾಗುವ ಹಾಗೆ ಒತ್ತಿತು.

"ಅಮ್ಮಾ, ನಿನ್ ಸೈಡ್‌ನಲ್ಲಿ ಬ್ರೇಕ್ ಇಲ್ಲ" ಅಂದಳು ಮಗಳು.

ಅವಳ ಬೇಸರಕ್ಕೆ ಇನ್ನೊಂದು ಕಾರಣವಿತ್ತು. ಆ ಶನಿವಾರ ಅವಳು ಒಬ್ಬಳೇ ಡ್ರೈವ್ ಮಾಡಿಕೊಂಡು ರಾಲಿಗೆ, ನನ್ನ ಹಳೆಯ ಗೆಳತಿ ವಿಜಿಯ ಮನೆಗೆ ಹೋಗಬೇಕೆಂದಿದ್ದಳು. ನಾನು "ನೋಡೋಣ" ಅಂದಿದ್ದೆ. ನಮ್ಮ ಮನೆಯಲ್ಲಿ "ನೋಡೋಣ" ಅಂದರೆ ಇಲ್ಲ ಎಂದರ್ಥ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದಲ್ಲಿ ಮೊದಲು ಅರ್ಥವಾಗುವುದೇ ಇಂಥವು.

ಈ ಹಾಡುಗಳು ಈಗ ಎಲ್ಲ ಕಡೆ ಓಡುತ್ತಿವೆ, ಬೇಸಿಗೆಗೆ ಇವೇ ಬೆಸ್ಟ್ ಎಂದು ಮಗಳು ನನಗೆ ವಿವರಿಸಿದಳು. ನಾನು ಸುಮ್ಮನೆ ಕೇಳಿಸಿಕೊಂಡೆ. ಒಂದು ಇಡೀ ಬೇಸಿಗೆ ಬೇರೇನನ್ನೂ ಕೇಳದೆ ಕಳೆದವಳು ನಾನು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನಿಮಗಾದರೂ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ರಾಲಿಯ ಹತ್ತಿರದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಒಂದು ಔಷಧ ಕಂಪನಿಯಲ್ಲಿ ಅಂಕಿಅಂಶದ ಕೆಲಸ ಮಾಡುತ್ತಿದ್ದೆ. ಯಾವ ಮಾತ್ರೆ ನುಂಗಿದರೆ ಎಷ್ಟು ಜನರಿಗೆ ತಲೆ ಸುತ್ತೀತು ಎಂದು ಲೆಕ್ಕ ಹಾಕುವುದು. ನನ್ನ ಜೊತೆ ಮನೆ ಹಂಚಿಕೊಂಡಿದ್ದ ವಿಜಿ ಧಾರವಾಡದವಳು, ಅಲ್ಲೇ ಒಂದು ಲ್ಯಾಬಿನಲ್ಲಿದ್ದಳು. ಅವಳ ಸಹೋದ್ಯೋಗಿ ನಕಾನೊ ಎಂಬಾಕೆ ಜಪಾನಿಗೆ ವಾಪಸು ಹೊರಟಾಗ ಆಕೆಯ ಕಾರನ್ನು ವಿಜಿ ಕೊಂಡಳು. ಕಾರು ಚೆನ್ನಾಗಿತ್ತು. ಆದರೆ ಸ್ಟೀರಿಯೋದಲ್ಲಿ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಹೊರಗೂ ಬಾರದು, ನಿಲ್ಲಲೂ ನಿಲ್ಲದು, ರೇಡಿಯೋ ಹಾಕಲೂ ಬಿಡದು. ಕಾರಿನ ಕೀಲಿ ತಿರುಗಿಸಿದರೆ ಹಾಡು. ನಕಾನೊ ನಾಲ್ಕು ಸಲ ಬಾಗಿ ಕ್ಷಮೆ ಕೇಳಿದರು. ತಾವು ಕಾಲೇಜಿನಲ್ಲಿದ್ದಾಗ ಸಮುದ್ರಕ್ಕೆ ಹೋಗುವಾಗ ಕೇಳುತ್ತಿದ್ದ ಬೇಸಿಗೆಯ ಹಾಡುಗಳಂತೆ. "ನತ್ಸು" ಅಂದರೆ ಬೇಸಿಗೆ ಎಂದು ಒಂದೇ ಒಂದು ಪದ ಕಲಿಸಿ ವಿಮಾನ ಹತ್ತಿದರು.

ಆ ಒಂದು ಪದದ ಬಂಡವಾಳದಲ್ಲಿ ನಾವು ಇಡೀ ಕ್ಯಾಸೆಟ್ಟಿಗೆ ಭಾಷ್ಯ ಬರೆದೆವು. ನನ್ನ ಪ್ರಕಾರ ಎಲ್ಲ ಹಾಡುಗಳೂ ಸಮುದ್ರದ ಬಗ್ಗೆ. ವಿಜಿಯ ಪ್ರಕಾರ ಐಸ್‌ಕ್ರೀಮಿನ ಬಗ್ಗೆ. ಆಗ ಊರಿನಿಂದ ಬಂದಿದ್ದ ಅವಳ ಚಿಕ್ಕಪ್ಪನ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ತಾಳ ಹಾಕುತ್ತ ನಮ್ಮಿಬ್ಬರನ್ನೂ ತಳ್ಳಿಹಾಕುತ್ತಿದ್ದರು. ವಿಜಿ ಅವರನ್ನು ಕಾಕು ಎನ್ನುತ್ತಿದ್ದಳು. ನನಗೂ ಅವರು ಕಾಕುವೇ ಆದರು. "ಗಂಡ ಇನ್ನೂ ಊಟಕ್ಕ ಬಂದಿಲ್ಲ. ಸಾರು ಆರಲಿಕತ್ತದ. ಅದಕ್ಕ ಹಾಡ್ಲಿಕತ್ತಾಳ" ಎಂಬುದು ಕಾಕುವಿನ ತೀರ್ಪು. ಹಾಗಾದರೆ ಇಷ್ಟು ಖುಷಿಯಾಗಿ ಯಾಕೆ ಹಾಡುತ್ತಾಳೆ ಎಂದು ನಾನು ಕೇಳಿದ್ದಕ್ಕೆ, ನಿನಗಿನ್ನೂ ಮದುವೆಯಾಗಿಲ್ಲ ಎಂದು ಬಾಯಿ ಮುಚ್ಚಿಸಿದರು.

ಹಳೆಯದಾದರೇನು, ನಮ್ಮ ಪಾಲಿಗೆ ಅದು ಹೊಸ ಕಾರು. ಪೂಜೆಯಾಗದೆ ಓಡಿಸುವುದು ಕಾಕುವಿಗೆ ಸಮ್ಮತವಿರಲಿಲ್ಲ. ಒಂದು ವೀಕೆಂಡ್ ವರ್ಜಿನಿಯಾದ ಆಚೆಗಿನ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋದೆವು. ದಾರಿಯುದ್ದಕ್ಕೂ ಮೂವರೂ ಬಾರದ ಭಾಷೆಯಲ್ಲಿ ಗಂಟಲು ಹರಿಯುವಂತೆ ಹಾಡಿದೆವು. ಅರ್ಚಕರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು, ಚಕ್ರಗಳಿಗೆ ನಿಂಬೆಹಣ್ಣು ಇಡಿಸಿದರು, ಒಂದು ಕಾಯಿ ಒಡೆದು, ಇನ್ನೊಂದನ್ನು ಜುಟ್ಟಿನ ಸಮೇತ ಪ್ರಸಾದವಾಗಿ ಕೊಟ್ಟರು. ದೇವರ ಕಾಯಿಯನ್ನು ಚಪ್ಪಲಿಗಳಿರುವ ಡಿಕ್ಕಿಯಲ್ಲಿ ಹೇಗೆ ಇಡುವುದು? ಸೀಟಿನ ಮೇಲಿಟ್ಟರೆ ಕಾಲು ತಾಗೀತು. ಕಾಕು ಒಂದು ಟವೆಲ್ ಮಡಿಸಿ ಡ್ಯಾಶ್‌ಬೋರ್ಡ್ ಮೇಲೆ ಆಸನ ಮಾಡಿ ಅದನ್ನು ಕೂರಿಸಿದರು. ಮೂರು ಜನರಿಗೂ ಇದು ಬಹಳ ಸರಿ ಅನ್ನಿಸಿತು. ಮೂವರಲ್ಲಿ ಇಬ್ಬರು ಸ್ನಾತಕೋತ್ತರ ಪದವೀಧರರು.

ವಾಪಸು ಬರುವಾಗ ವರ್ಜಿನಿಯಾದಲ್ಲಿ, ಹೈವೇಯ ಒಂದು ತಿರುವಿನಲ್ಲಿ ಕಾಯಿ ಉರುಳಿ ವಿಜಿಯ ಕಾಲ ಬಳಿ ಬಿತ್ತು. ನಾವು ನಕ್ಕೆವು. ತಿರುವು ಮುಗಿದಾಗ ಮುಂದೆ ಗಾಡಿಗಳೆಲ್ಲ ನಿಂತಿದ್ದವು. ಸಾಲಿನ ಕೊನೆಗೆ, ನಮ್ಮ ಮುಂದೆಯೇ, ಮರದ ದಿಮ್ಮಿ ಹೇರಿದ ಒಂದು ಟ್ರಕ್. ವಿಜಿ ಬ್ರೇಕ್ ಒತ್ತಿದಳು. ಕಾಯಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತ್ತು. ಬ್ರೇಕ್ ಕೆಳಗಿಳಿಯಲಿಲ್ಲ.

"ಬ್ರೇಕ್ ಒತ್ತವಲ್ದು" ಅಂದಳು ವಿಜಿ, ಉಪ್ಪು ಮುಗಿದಿದೆ ಅನ್ನುವ ದನಿಯಲ್ಲಿ.

ನಾನು ಬಗ್ಗಿ ಕೈ ಚಾಚಿದೆ. ಜುಟ್ಟು ಸಿಕ್ಕಿತು. ಎಳೆದೆ. ಜುಟ್ಟು ಕೈಗೆ ಬಂತು, ಕಾಯಿ ಅಲ್ಲೇ ಉಳಿಯಿತು. ತಲೆಯೆತ್ತಿದಾಗ ಆ ದಿಮ್ಮಿಗಳ ಕೊಯ್ದ ತುದಿಗಳು ಕಾಣಿಸಿದವು. ಇವತ್ತಿಗೂ ಕಾಣಿಸುತ್ತವೆ. ಒಂದೊಂದರ ವರ್ತುಲಗಳೂ, ಅಂಟಿನ ಹೊಳಪೂ, ತುದಿಗೆ ಕಟ್ಟಿದ ಕೆಂಪು ಬಟ್ಟೆಯೂ. ಸ್ಟೀರಿಯೋದಲ್ಲಿ ಆಕೆ ಚಪ್ಪಾಳೆಯ ನಡುವೆ ನತ್ಸು ನತ್ಸು ಎಂದು ಹಾಡುತ್ತಲೇ ಇದ್ದಳು. ವಿಜಿ ಸ್ಟೀರಿಂಗನ್ನು ಬಲಕ್ಕೆಳೆದಳು. ಕಾರು ರಸ್ತೆ ಬಿಟ್ಟು ಹುಲ್ಲಿಗಿಳಿಯಿತು, ಟ್ರಕ್ಕು ನನ್ನ ಗೆಳತಿಯ ಕಿಟಕಿಯನ್ನು ಸವರಿದಂತೆ ಹಿಂದೆ ಸರಿಯಿತು. ಅವಳು ಎಡಗಾಲಿನಿಂದ ಕಾಯಿಗೆ ಒಂದು ಒದೆ ಕೊಟ್ಟಳು. ಅದು ಸಿಡಿದು ಬಂದು ನನ್ನ ಮೊಣಕಾಲಿಗೆ ಬಡಿಯಿತು. ಬ್ರೇಕ್ ಹಿಡಿಯಿತು. ಪೈನ್ ಮರಗಳ ಮುಂದೆ ನಿಂತೆವು.

ಹಾಡು ಮುಗಿದು ಇನ್ನೊಂದು ಶುರುವಾಯಿತು. ಆಗ ಹಿಂದಿನಿಂದ ಕಾಕು, ತೀರಾ ಸಣ್ಣ ದನಿಯಲ್ಲಿ:

"ವಿಜಿ, ದೇವರ ಕಾಯಿಗೆ ಕಾಲು ಬಡೀತಲ್ಲವಾ. ನಮಸ್ಕಾರ ಮಾಡು."

ವಿಜಿ ನನ್ನ ಕಾಲ ಬಳಿ ಬಗ್ಗಿ, ತನ್ನನ್ನು ಕೊಲ್ಲಲಿದ್ದ ಆ ಬೋಳು ಕಾಯಿಯನ್ನು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಷ್ಟೇ. ನಗು ಎಲ್ಲಿತ್ತೋ, ಉಕ್ಕಿತು. ನಾನು ಬಾಗಿಲು ತೆರೆದು ಹುಲ್ಲಿನ ಮೇಲೆ ಬಿದ್ದು ನಕ್ಕೆ. ಕಾಕು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಪೊಲೀಸ್ ಬಂದು ನೋಡಿದಾಗ ಅವನಿಗೆ ಕಂಡದ್ದು ಅರಿಶಿನ ಬಳಿದ ಕಾರು, ಜಪಾನಿ ಹಾಡು, ಕಣ್ಣೀರಿಡುತ್ತ ನಗುತ್ತಿರುವ ಮೂವರು ಹೆಂಗಸರು, ಅವರಲ್ಲೊಬ್ಬಳ ಮುಷ್ಟಿಯಲ್ಲಿ ತೆಂಗಿನ ನಾರು. ಕುಡಿದಿದ್ದೀರಾ ಎಂದು ಕೇಳಿದ. ಇಲ್ಲ, ದೇವಸ್ಥಾನದಿಂದ ಬರುತ್ತಿದ್ದೇವೆ ಎಂದೆ. ಅವನು ಬಹಳ ಹೊತ್ತು ಯೋಚಿಸಿ, ತೆಂಗಿನಕಾಯಿಯನ್ನು ಡಿಕ್ಕಿಯಲ್ಲಿಡಿ ಎಂದು ಹೇಳಿ ಹೋದ.

ಮುಂದೆ ಎಷ್ಟು ಪಾಟ್‌ಲಕ್ ಊಟಗಳಲ್ಲಿ ಈ ಕತೆ ಹೇಳಿದ್ದೇನೋ. ಜುಟ್ಟು ಕೈಗೆ ಬಂದ ಜಾಗದಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ. ದಿಮ್ಮಿಗಳ ಸಂಗತಿ ಮಾತ್ರ ಹೇಳುವುದಿಲ್ಲ. ವಿಜಿಯಂತೂ ಅಲ್ಲಿಂದಲೇ ಮತ್ತೆ ಸ್ಟೀರಿಂಗ್ ಹಿಡಿದು, ಹಾಡುತ್ತ ರಾಲಿಗೆ ಬಂದವಳು. ನಗು ಅವಳ ಪಾಲಿಗೆ, ಹೆದರಿಕೆ ನನ್ನ ಪಾಲಿಗೆ ಎಂದು ಅವತ್ತೇ ಹಂಚಿಕೆಯಾಯಿತೆಂದು ತಿಳಿದಿದ್ದೆ.

ಮೊನ್ನೆ ತರಕಾರಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಮಗಳಿಗೂ ಹೇಳಿದೆ. ದಿಮ್ಮಿಗಳನ್ನೂ ಸೇರಿಸಿ. ಅವಳು ನಗಲಿಲ್ಲ. ಹಾಡು ನಿಲ್ಲಿಸಿದಳು.

"ಸೋ ಯು ಆರ್ ಸ್ಟಿಲ್ ಸ್ಕೇರ್ಡ್?"

"ಹೂಂ."

"ಓಕೆ. ಹಾಗಾದ್ರೆ ನಾನ್ ರಾಲಿಗೆ ಹೋಗಲ್ಲ."

ವಾದವಿಲ್ಲ, ಸಿಡುಕಿಲ್ಲ. ವಾರವಿಡೀ ನಾನು ಬಯಸಿದ್ದೇ ಇದು. ಆದರೆ ಅವಳ ಕೈಗಳು ಸ್ಟೀರಿಂಗ್ ಮೇಲಿಂದ ಇಳಿದು ಮಡಿಲಿಗೆ ಬಂದಿದ್ದವು. ಅವು ನನ್ನ ಕೈಗಳ ಹಾಗೆ ಕಂಡವು. ಮಗಳಿಗೆ ಬಂಗಾರ ಕೊಡುತ್ತಾರೆ, ಸೀರೆ ಕೊಡುತ್ತಾರೆ. ನಾನು ಕೊಡಲು ಹೊರಟಿದ್ದು ಈ ಹೆದರಿಕೆಯನ್ನು.

"ಹೋಗು" ಅಂದೆ. "ಶನಿವಾರ ಬೆಳಿಗ್ಗೆ ಬೇಗ ಹೊರಡು."

ಶನಿವಾರ ಹೋದಳು. ಕಿಟಕಿಗಳನ್ನೆಲ್ಲ ಇಳಿಸಿ, ತುತ್ತೂರಿಗಳನ್ನು ಇಡೀ ಬೀದಿಗೆ ಹಂಚುತ್ತ ಹೋದಳು. ನಾನು ಒಳಗೆ ಬಂದು ವಿಜಿಗೆ ಫೋನ್ ಮಾಡಿ, ಹೊರಟಳು ಅಂದೆ.

"ಹೂಂ. ಅನ್ನಕ್ಕ ಇಟ್ಟೇನಿ" ಅಂದಳು.

ಇಲ್ಲಿಂದ ರಾಲಿಗೆ ಅರ್ಧ ದಿನದ ದಾರಿ. ಈಗಲೇ ಅನ್ನವೇ ಎಂದು ನಕ್ಕೆ. ಅವಳು ನಗಲಿಲ್ಲ.

"ಗೊತ್ತದ. ಸುಮ್ಮ ಕೂಡಲಿಕ್ಕಾಗವಲ್ದು, ಏನರೆ ಮಾಡಬೇಕಲ್ಲ." ಆಮೇಲೆ, "ಹೆದರಿಕಿ ನಿನಗೊಬ್ಬಾಕಿಗೇ ಅಂತ ಅನಕೊಂಡಿದ್ದೇನು?"

ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಅವಳ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಮತ್ತೆ ಕೂಗಿತು.

"ಫೋನ್ ಇಡು ಮಾರಾಯ್ತಿ, ಅನ್ನ ಸೀದು ಹೋಗುತ್ತೆ" ಅಂದೆ.

"ಸೀಯಲಿ" ಅಂದಳು ವಿಜಿ. "ಆಕಿ ಬರೂತನಕಾ ಮಾತಾಡು."