ಹಿಂದಿನ ಸೀಟಿನ ಕಾವಲು

ಬೈಕಿನ ಕೀಲಿ ಕೈಯಲ್ಲಿ ಹಿಡಕೊಂಡು ‘ನಂಗೆಂತ ನಿದ್ದೆ?’ ಅನ್ನುವ ಗಂಡಸನ್ನು ನಾನು ನಂಬುವುದಿಲ್ಲ. ಜ್ವರ ಬಂದರೆ ಒಪ್ಪಿಕೊಳ್ಳುತ್ತಾರೆ, ಸೊಂಟ ನೋವಾದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ, ನಿದ್ದೆ ಬರುತ್ತಿದೆ ಅಂತ ಮಾತ್ರ ಒಬ್ಬನೂ ಬಾಯಿ ಬಿಡುವುದಿಲ್ಲ. ನನ್ನ ಸೋದರಮಾವ ಒಂದು ಉಪನಯನದ ಊಟ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡ. ಹೋರಿ ಅಡ್ಡ ಬಂತು ಅಂತ ಇವತ್ತಿಗೂ ಹೇಳುತ್ತಾನೆ. ಯಾರ ಮನೆ ಹೋರಿ, ಆಮೇಲೆ ಯಾವ ಕಡೆ ಓಡಿತು ಅಂತ ಕೇಳಿದರೆ ಸಿಟ್ಟು ಬರುತ್ತದೆ. ಆ ರಸ್ತೆಯಲ್ಲಿ ಅವತ್ತು ಹೋರಿಯೂ ಇರಲಿಲ್ಲ, ಕರುವೂ ಇರಲಿಲ್ಲ. ಪಾಯಸ ಇತ್ತು, ಅಷ್ಟೆ.

ನಮ್ಮನೆಯವರು ಪುರೋಹಿತರು. ಮನೆ ಸಾಗರದಲ್ಲಿ, ಕೆಲಸ ಮಾತ್ರ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ. ಲಗ್ನದ ದಿನಗಳು ಬಂದವೆಂದರೆ ಬೆಳಗ್ಗೆ ಒಂದು ಊರಿನಲ್ಲಿ ಗೃಹಪ್ರವೇಶ, ಸಂಜೆ ಇನ್ನೊಂದು ಊರಿನಲ್ಲಿ ಪೂಜೆ. ಕೋಳಿ ಕೂಗುವ ಮೊದಲೇ ಎದ್ದು ತಣ್ಣೀರು ಸುರಿದುಕೊಂಡು ಹೊರಡಬೇಕು, ಹೊಗೆ ಕುಡಿಯುತ್ತಾ ಹೋಮದ ಮುಂದೆ ಕೂರಬೇಕು, ಮಧ್ಯಾಹ್ನ ಬಾಳೆಲೆಯ ಮುಂದೆ ಕೂರಬೇಕು. ಊಟ ಆದಮೇಲೆ ಬಂದ ನೆಂಟರೆಲ್ಲ ಜಗಲಿಯಲ್ಲಿ ಜಮಖಾನ ಹಾಸಿಕೊಂಡು ಗೊರಕೆ ಹೊಡೆಯುತ್ತಾರೆ. ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದ ಮನುಷ್ಯ ಮಾತ್ರ ಪಂಚೆ ಎತ್ತಿ ಕಟ್ಟಿಕೊಂಡು, ಪೂಜೆಯ ಚೀಲವನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಬೈಕ್ ಹತ್ತಬೇಕು. ಇದನ್ನು ನೋಡಿ ಯಾವ ಹೆಂಡತಿಗೆ ಸಮಾಧಾನ ಇರುತ್ತದೆ?

ಅದಕ್ಕೇ ನಾನೂ ಜೊತೆಗೆ ಹೋಗಲು ಶುರುಮಾಡಿದೆ. ಹೊರಗಿನವರಿಗೆ ಹೇಳಿದ ಕಾರಣ ಬೇರೆ. ಮಂಡಲ ಬರೆಯಲು, ಹೂವು ಬಿಡಿಸಲು, ತಟ್ಟೆ ಜೋಡಿಸಲು ಒಂದು ಕೈ ಬೇಕಲ್ಲ ಅಂತ. ನಿಜವಾಗಿ ನಾನು ಹೋಗುತ್ತಿದ್ದದ್ದು ಗುಮಾನಿಯಿಂದ. ಊಟದ ಪಂಕ್ತಿಯಲ್ಲಿ ಹೆಂಗಸರ ಸಾಲಿನಲ್ಲಿ ಕೂತರೂ ನನ್ನ ಕಣ್ಣು ಇವರ ಎಲೆಯ ಮೇಲೆ. ನಮ್ಮ ಕಡೆ ಮನೆಯ ಯಜಮಾನರು ಪಂಕ್ತಿಯ ನಡುವೆ ಓಡಾಡುತ್ತಾ ವಿಚಾರಣೆ ಮಾಡುತ್ತಾರೆ. ಇನ್ನೊಂದು ಹೋಳಿಗೆ, ಇನ್ನೊಂದು ಸೌಟು ಪಾಯಸ ಅಂತ ಒತ್ತಾಯ ಮಾಡದಿದ್ದರೆ ಅವರಿಗೆ ಮರ್ಯಾದೆ ಕಡಿಮೆ. ಅದರಲ್ಲೂ ಪುರೋಹಿತರ ಎಲೆ ಸಿಕ್ಕಿದರೆ ಬಿಡುವವರುಂಟೇ? ಗಸಗಸೆ ಪಾಯಸದ ಪಾತ್ರೆ ಇವರ ಹತ್ತಿರ ಹೋದ ಕೂಡಲೇ ನಾನು ಕೆಮ್ಮುತ್ತಿದ್ದೆ. ಇವರು ನನ್ನ ಕಡೆ ನೋಡದೆ ದೊನ್ನೆ ಮುಂದೆ ಮಾಡುತ್ತಿದ್ದರು. ಗಸಗಸೆಗೆ ನಿದ್ದೆ ಬರುತ್ತದೆ ಅನ್ನುವುದು ಹೆಂಗಸರ ಭ್ರಮೆಯಂತೆ. ಹಾಗಾದರೆ ಜಗಲಿಯ ಮೇಲೆ ಹೆಣದಂತೆ ಬಿದ್ದಿರುವವರೆಲ್ಲ ಯೋಗ ಮಾಡುತ್ತಿದ್ದಾರಾ?

ಹೊರಡುವ ಮೊದಲು ನನ್ನ ತಪಾಸಣೆ ಇರುತ್ತಿತ್ತು. ರೆಪ್ಪೆ ದಪ್ಪಗಾಗಿದೆಯೋ, ಚಪ್ಪಲಿ ಸರಿಯಾದ ಕಾಲಿಗೆ ಹಾಕಿಕೊಂಡಿದ್ದಾರೋ, ಹೆಲ್ಮೆಟ್ಟಿನ ಪಟ್ಟಿ ಒಂದೇ ಸಲಕ್ಕೆ ಹಾಕಿದರೋ, ಹುಡುಕಾಡಿದರೋ. ಮುಖ ತೊಳೆದುಕೊಳ್ಳಿ ಅಂದರೆ ಕಣ್ಣಿಗೆ ನಾಲ್ಕು ಹನಿ ಸೋಕಿಸಿ ಬರುತ್ತಿದ್ದರು. ಹೋಟೆಲಿನ ಚಹಾ ಇವರು ಮುಟ್ಟುವುದಿಲ್ಲ, ಅದು ಅವರ ನಿಯಮ. ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟೊಂದು ಹೋಟೆಲುಗಳಿದ್ದರೂ ನಮಗೆ ಇಲ್ಲದ ಹಾಗೇ. ಫ್ಲಾಸ್ಕಿನಲ್ಲಿ ಕೊತ್ತಂಬರಿ ಜೀರಿಗೆಯ ಕಷಾಯ ಒಯ್ಯುತ್ತಿದ್ದೆವು. ಅದು ಹೊಟ್ಟೆಗೆ ಹಿತ, ನಿದ್ದೆಗೆ ಇನ್ನೂ ಹಿತ.

ಆದರೆ ಹೊರಡುವ ಮೊದಲು ಎಷ್ಟು ನೋಡಿದರೇನು? ಹೊರಟ ಮೇಲೆ ನನಗೆ ಕಾಣುವುದು ಬೆನ್ನು. ಎಚ್ಚರವಿದ್ದರೂ ಅದೇ ಬೆನ್ನು, ನಿದ್ದೆಯಿದ್ದರೂ ಅದೇ ಬೆನ್ನು. ಮಾತಾಡಿಸಿದರೆ ಮೊದಲ ಮೈಲಿ ‘ಹ್ಞಾಂ’ ಅನ್ನುತ್ತಾರೆ, ಆಮೇಲೆ ‘ಹೂಂ’, ಆಮೇಲೆ ಅದೂ ಇಲ್ಲ. ಕಿವಿಗೆ ಗಾಳಿ ಬಡಿಯುತ್ತಿದೆ, ಕೇಳುವುದಿಲ್ಲ ಅಂತ ನೆಪ. ಹಾಗೆ ಒಂದು ದಿನ ನನಗೆ ಒಂದು ಉಪಾಯ ಹೊಳೆಯಿತು. ದಾರಿಯುದ್ದಕ್ಕೂ ನೀವು ಗಟ್ಟಿಯಾಗಿ ಮಂತ್ರ ಹೇಳುತ್ತಾ ಬನ್ನಿ, ನನಗೂ ಪುಣ್ಯ ಬರಲಿ ಅಂದೆ. ಇವರಿಗೆ ಖುಷಿಯೋ ಖುಷಿ. ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿಗೆ ಭಕ್ತಿ ಬಂತು ಅಂದುಕೊಂಡರು. ನನ್ನ ಭಕ್ತಿ ಎಷ್ಟಿತ್ತು ಅಂತ ದೇವರಿಗೆ ಗೊತ್ತು. ದನಿ ಕೇಳುತ್ತಿರುವವರೆಗೆ ಮನುಷ್ಯ ಎಚ್ಚರವಾಗಿದ್ದಾನೆ, ದನಿ ನಿಂತರೆ ಬೆನ್ನಿಗೆ ಗುದ್ದಬೇಕು, ಇಷ್ಟೇ ಲೆಕ್ಕಾಚಾರ.

ಅದು ಚೆನ್ನಾಗಿಯೇ ನಡೆಯಿತು. ಬೈಕಿನ ಸದ್ದಿನ ಮೇಲೆ ಇವರ ದನಿ, ಹಿಂದೆ ಅಡ್ಡಡ್ಡ ಕೂತು ಹೆಲ್ಮೆಟ್ಟಿಗೆ ಕಿವಿಕೊಟ್ಟ ನಾನು. ಹೊಲದಲ್ಲಿದ್ದವರು ತಲೆಯೆತ್ತಿ ನೋಡುತ್ತಿದ್ದರು. ಒಂದು ಅಕ್ಷರ ತಪ್ಪುತ್ತಿರಲಿಲ್ಲ, ಒಂದು ಸ್ವರ ಜಾರುತ್ತಿರಲಿಲ್ಲ. ಎಷ್ಟೋ ವರ್ಷದ ಆತಂಕ ಇಳಿದ ಹಾಗಾಗಿ, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಎಲ್ಲದರ ಮೇಲೂ ಗುಮಾನಿ ಪಡುವ ನಾನು ಆ ದನಿಯ ಮೇಲೆ ಮಾತ್ರ ಪಡಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ದಿನ. ಬೆಳಗ್ಗೆ ರಿಪ್ಪನ್‌ಪೇಟೆ ಹತ್ತಿರ ಗೃಹಪ್ರವೇಶ ಮುಗಿಸಿದ್ದೆವು, ಸಂಜೆ ತೀರ್ಥಹಳ್ಳಿ ದಾರಿಯಲ್ಲಿ ಒಂದು ಮನೆಯಲ್ಲಿ ದುರ್ಗಾ ನಮಸ್ಕಾರದ ಪೂಜೆ. ಹೊಸ ಮನೆತನ, ಇದೇ ಮೊದಲ ಸಲ ಇವರನ್ನು ಕರೆದದ್ದು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬನ್ನಿ, ಹಿಂದಿನ ಭಟ್ಟರು ತಡ ಮಾಡುತ್ತಾರೆ ಅಂತಲೇ ಬಿಟ್ಟದ್ದು ಅಂತ ಫೋನಿನಲ್ಲಿ ಹೇಳಿದ್ದರು. ಅದಕ್ಕೇ ಊಟವಾದ ಕೂಡಲೇ ಹೊರಟೆವು. ಸುಡು ಬಿಸಿಲು. ಹೊಸನಗರದ ಕಡೆ ತಿರುಗಿದ ಮೇಲೆ ಎರಡೂ ಬದಿ ಅಕೇಶಿಯಾ ನೆಡುತೋಪು, ರಸ್ತೆ ನೆಟ್ಟಗೆ, ಜನ ಇಲ್ಲ. ಇವರು ಮಂತ್ರ ಶುರು ಮಾಡಿ ಆಗಲೇ ತುಸು ಹೊತ್ತಾಗಿತ್ತು.

ಬೈಕು ಮೆಲ್ಲಗೆ ಬಲಕ್ಕೆ ಹೋಗುತ್ತಿದೆ ಅನಿಸಿತು. ಗುಂಡಿ ತಪ್ಪಿಸುತ್ತಿರಬೇಕು ಅಂದುಕೊಂಡೆ. ಗುಂಡಿ ಕಾಣಲಿಲ್ಲ. ಎದುರಿಗೆ ತಿರುವಿನಿಂದ ಒಂದು ಬಸ್ಸು ಬಂತು, ದೂರದಿಂದಲೇ ಹಾರ್ನ್ ಹೊಡೆಯಿತು. ನಾವು ಅದರ ದಾರಿಯಲ್ಲೇ ಇದ್ದೆವು. ಹಾರ್ನ್ ನಿಲ್ಲಲಿಲ್ಲ, ಕಿವಿ ಹರಿಯುವ ಹಾಗೆ ಬಂತು. ಆಗ ನಾನು ಹೆದರಿದ್ದು ಬಸ್ಸು ನೋಡಿ ಅಲ್ಲ. ಇವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂಥ ಹಾರ್ನ್ ಕೇಳಿದರೆ ಎಚ್ಚರವಿದ್ದವನು ಒಂದಕ್ಷರವಾದರೂ ತಡವರಿಸಬೇಕು. ಇವರು ಒಂದು ಸ್ವರ ತಪ್ಪದೆ ಹೇಳುತ್ತಲೇ ಇದ್ದರು.

ಬೆನ್ನಿಗೆ ಎರಡೂ ಕೈಯಿಂದ ಗುದ್ದಿ ಶಾಲು ಹಿಡಿದು ಎಡಕ್ಕೆ ಎಳೆದೆ. ಬೈಕು ಓಲಾಡಿ ರಸ್ತೆ ಬಿಟ್ಟು ಇಳಿಯಿತು, ಒಣ ಎಲೆಯ ಮೇಲೆ ಜಾರಿಕೊಂಡು ಹೋಗಿ ಗೋಡೆಯಂತಿದ್ದ ಮಣ್ಣಿನ ಧರೆಗೆ ಒರಗಿ ನಿಂತಿತು. ಬಸ್ಸು ಬೈಯುತ್ತಾ ಪಕ್ಕದಲ್ಲೇ ಹೋಯಿತು. ಚೀಲದೊಳಗೆ ತಾಮ್ರದ ಪಾತ್ರೆಗಳು ಗಣಗಣ ಅಂದವು. ನಮ್ಮಿಬ್ಬರಿಗೂ ಒಂದು ಗೀರೂ ಆಗಲಿಲ್ಲ. ಬೈಕು ನಿಂತ ಮೇಲೂ ಇವರು ಇನ್ನೊಂದು ಸಾಲು ಮಂತ್ರ ಹೇಳಿದರು, ನನ್ನಾಣೆ. ಆಮೇಲೆ ನಿಲ್ಲಿಸಿ, ಸುತ್ತ ನೋಡಿ, “ಎಂತ ಆತು?” ಅಂದರು.

ನಾನು ಅಳಲಿಲ್ಲ, ಬೈದೆ. ಇಷ್ಟು ವರ್ಷ ಬಾಯಿಗೆ ಬಾರದ್ದೆಲ್ಲ ಅವತ್ತು ಬಂತು. ಎಂಟನೇ ವಯಸ್ಸಿನಿಂದ ಬಾಯಿಪಾಠ ಮಾಡಿದ ಮಂತ್ರ ಅದು, ಹೇಳಲು ಮನುಷ್ಯ ಎಚ್ಚರ ಇರಬೇಕಾಗಿಲ್ಲ ಅಂತ ನನಗೆ ಹೊಳೆಯಲೇ ಇಲ್ಲವಲ್ಲ. ಗಂಡಸರ ಮಾತು ನಂಬದವಳು ಗಂಡಸಿನ ಗಂಟಲನ್ನು ನಂಬಿ ಕೂತಿದ್ದೆ. ಇವರು ಕಣ್ಣಿಗೆ ಧೂಳು ಬಿತ್ತು ಅಂದರು. ಯಾವ ಧೂಳು, ಎಲ್ಲಿದೆ ತೋರಿಸಿ ಅಂದೆ. ಕೀಲಿ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿದೆ.

ಸ್ವಲ್ಪ ಮುಂದೆ ಒಂದು ಬಸ್ ತಂಗುದಾಣವಿತ್ತು. ಬೈಕು ತಳ್ಳಿಕೊಂಡು ಅಲ್ಲಿಗೆ ಹೋದೆವು. ಮಲಗಿ ಅಂದೆ. ರಸ್ತೆ ಬದಿಯಲ್ಲಿ, ಹಗಲು ಹೊತ್ತಿನಲ್ಲಿ, ಪುರೋಹಿತ ಮಲಗುವುದಾ ಅಂತ ಶುರುಮಾಡಿದರು. ಮಾತು ಮುಗಿಯುವ ಮೊದಲೇ ಸಿಮೆಂಟಿನ ಕಟ್ಟೆಯ ಮೇಲೆ ಒರಗಿದರು, ತಲೆ ನನ್ನ ಮಡಿಲಿಗೆ ಬಂದು ಬಿತ್ತು. ಈ ಸಲ ಮಂತ್ರ ಇಲ್ಲ, ಗೊರಕೆ. ಅದನ್ನು ಕೇಳಿ ನನಗೆ ಎಂಥಾ ಸಮಾಧಾನ ಆಯಿತು ಅಂತ ಹೇಳಲಾರೆ.

ಅದೇ ಗೃಹಪ್ರವೇಶಕ್ಕೆ ಬಂದವರ ಕಾರೊಂದು ಅಲ್ಲಿ ನಿಂತಿತು. ದಂಪತಿ ಇಳಿದು ಬಂದು ಭಟ್ಟರಿಗೆ ಏನಾಯಿತು ಅಂತ ವಿಚಾರಿಸಿದರು. ನಿದ್ದೆ ಅಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆ ಮನುಷ್ಯ ಮುಖ ನೋಡುವ ನೆಪದಲ್ಲಿ ಇವರ ಬಾಯಿಯ ಹತ್ತಿರ ಬಗ್ಗಿ ಮೆಲ್ಲಗೆ ಉಸಿರೆಳೆದುಕೊಂಡ. ನನ್ನ ಮೈಯೆಲ್ಲಾ ಉರಿದುಹೋಯಿತು. ಗಸಗಸೆ ವಾಸನೆ ಬಂತಾ ಅಂತ ಕೇಳಿಯೇ ಬಿಟ್ಟೆ. ಅವರು ಹೊರಟುಹೋದರು. ಸಂಜೆಯೊಳಗೆ ಹೊಸನಗರದಲ್ಲೆಲ್ಲ ಈ ಸುದ್ದಿ ಹಬ್ಬುತ್ತದೆ ಅಂತ ಗೊತ್ತಿತ್ತು. ಬರೀ ನಿದ್ದೆ ಅಂದರೆ ಯಾರು ನಂಬುತ್ತಾರೆ? ನಾನೇ ಆದರೂ ನಂಬುತ್ತಿರಲಿಲ್ಲ.

ಬಿಸಿಲು ಇಳಿಯುತ್ತಾ ಬಂತು. ಇವರ ಫೋನು ಬಡಿದುಕೊಂಡಿತು. ಹೊಸ ಮನೆತನದವರು. ಎಲ್ಲಿದ್ದೀರಿ, ನೆಂಟರು ಬಂದು ಕೂತಿದ್ದಾರೆ ಅಂತ ಕೇಳಿದರು. ಎಬ್ಬಿಸಿದರೆ ಆ ಮನೆ ಉಳಿಯುತ್ತದೆ, ಎಬ್ಬಿಸದಿದ್ದರೆ ಹೋಗುತ್ತದೆ. ಮುಖ ನೋಡಿದೆ. ಬಾಯಿ ತೆರೆದುಕೊಂಡು ಚಿಕ್ಕ ಮಗುವಿನ ಹಾಗೆ ಬಿದ್ದಿದ್ದರು. ಕೆಮ್ಮಿಗೆ ಎಚ್ಚರವಾಗುವ ನಿದ್ದೆಯಲ್ಲ ಅದು.

“ಅವರು ಮಲಗಿದ್ದಾರೆ. ಪೂರ್ತಿ ಎಚ್ಚರ ಆದ ಮೇಲೆ ಹೊರಡ್ತಾರೆ, ಅಲ್ಲಿವರೆಗೆ ನಾನು ಎಬ್ಬಿಸೋದಿಲ್ಲ” ಅಂದೆ.

ಬರುವುದಾದರೆ ಬರಲಿ, ನಾವು ಬೇರೆಯವರನ್ನೂ ಕೇಳುತ್ತೇವೆ ಅಂತ ಫೋನು ಇಟ್ಟರು. ಹೋಗಲಿ ಬಿಡಿ ಅಂದುಕೊಂಡೆ.

ಇವರು ತಾವಾಗಿಯೇ ಎದ್ದರು. ಬಾಟಲಿಯ ನೀರನ್ನೆಲ್ಲ ತಲೆಗೆ ಸುರಿದುಕೊಂಡು ಶಾಲಿನಲ್ಲಿ ಒರೆಸಿಕೊಂಡರು. ಫೋನಿನ ವಿಷಯ ಹೇಳಿದೆ. ಸಿಟ್ಟು ಮಾಡಿಕೊಳ್ಳಲಿಲ್ಲ, ಹೋಗಿ ನೋಡೋಣ ಅಂತ ಕೀಲಿಗೆ ಕೈ ಚಾಚಿದರು. ಕಣ್ಣು ತಿಳಿಯಾಗಿತ್ತು. ಆದರೂ ನಾನು ಕೊಡಲಿಲ್ಲ. ನನ್ನ ಒಳಗೆ ಬೇರೊಂದು ಗುಮಾನಿ ಕೊರೆಯುತ್ತಿತ್ತು. ಇಂದು ಮೊದಲ ಸಲವೋ, ಹಿಂದೆಯೂ ಹೀಗೆ ಆಗಿತ್ತೋ ಅಂತ ಕೇಳಿದೆ. ತಲೆ ತಗ್ಗಿಸಿದರು. ಹಾಗಾದರೆ ನಾನು ಬರಲು ಶುರುಮಾಡುವ ಮೊದಲು, ಒಬ್ಬರೇ ಇಷ್ಟು ವರ್ಷ ಹೋಗಿ ಬಂದಿರಲ್ಲ, ಆಗಲೂ ಮಲಗಿಕೊಂಡೇ ಓಡಿಸಿದಿರಾ ಅಂದೆ. ಒಂದು ದಿನವೂ ಇಲ್ಲ ಅಂದರು. ಸುಳ್ಳು ಹೇಳಬೇಡಿ ಅಂದೆ.

ಸುಳ್ಳು ಹೇಳುವಾಗ ಇವರು ನನ್ನ ಮುಖ ನೋಡುವುದಿಲ್ಲ. ಈಗ ನೋಡಿದರು. ನಮ್ಮ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದರು.

“ಒಬ್ಬನೇ ಹೋಪಕಾರೆ ಹೆದ್ರಿಕೆ ಇರ್ತು, ಕಣ್ಣು ಮುಚ್ಚತ್ತಿಲ್ಲೆ. ನೀನು ಹಿಂದೆ ಕೂತಿದ್ರೆ ಎಂತ ಹೆದ್ರಿಕೆಯೂ ಇಲ್ಲೆ. ಅದಕ್ಕೇ ನಿದ್ದೆ ಬತ್ತು.”

ಒಬ್ಬರೇ ಹೋಗುವಾಗ ಹೆದರಿಕೆಗೆ ಕಣ್ಣು ಮುಚ್ಚುವುದಿಲ್ಲವಂತೆ, ನಾನು ಹಿಂದೆ ಇದ್ದರೆ ನಿದ್ದೆ ಬರುತ್ತದಂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಂದೆ ಕೂತು, ಎರಡು ಜೀವದ ಎಚ್ಚರವನ್ನು ನಾನೊಬ್ಬಳೇ ಹೊತ್ತಿದ್ದೆ. ಇವರು ತಮ್ಮ ಪಾಲನ್ನು ನನ್ನ ತಲೆಗೆ ಹೊರಿಸಿ ಹಾಯಾಗಿ ಮಲಗಿದ್ದರು. ಬಯ್ಯಬೇಕೋ, ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ರಸ್ತೆ ಬದಿಯಾದ್ದರಿಂದ ಎರಡೂ ಮಾಡಲಿಲ್ಲ.

ಸೆರಗಿನ ಗಂಟು ಬಿಚ್ಚಿ ಕೀಲಿ ಕೈಗಿಟ್ಟೆ. ನಾನು ಬಸ್ಸಿಗೆ ಬರುತ್ತೇನೆ, ನೀವು ಒಬ್ಬರೇ ಹೊರಡಿ ಅಂದೆ. ಇವರು ಬೈಕ್ ಹತ್ತಿದರು. ಅಭ್ಯಾಸಬಲದಿಂದ, ನಾನು ಹತ್ತಲಿ ಅಂತ ಸ್ವಲ್ಪ ಮುಂದೆ ಸರಿದು ಜಾಗ ಬಿಟ್ಟರು. ನಾನು ಕಟ್ಟೆಯಿಂದ ಏಳಲಿಲ್ಲ. ಒಮ್ಮೆ ತಿರುಗಿ ಖಾಲಿ ಸೀಟು ನೋಡಿದರು, ಬೆನ್ನು ನೆಟ್ಟಗೆ ಮಾಡಿದರು, ರಸ್ತೆಯ ಎರಡೂ ಕಡೆ ನೋಡಿಕೊಂಡು ಹೊರಟರು.